ಎರಡನೇ ಪ್ರಶ್ನೆ ಇಲ್ಲದ ಸಂಭಾಷಣೆ

ಸ್ಪ್ಯಾನಿಷ್ ಕಲಿಸುವವರ ವಲಯದಲ್ಲಿ ಒಂದು ಪ್ರಶ್ನೆಗೆ ಸಿಕ್ಕಿರುವಷ್ಟು ಮರ್ಯಾದೆ ಬೇರೆ ಯಾವ ಪ್ರಶ್ನೆಗೂ ಸಿಕ್ಕಿಲ್ಲ. ‘ಕೆ ತಾಲ್ ಎಲ್ ಫಿನ್ ದೆ ಸೆಮಾನಾ?’ ಅಂದರೆ, ವಾರಾಂತ್ಯ ಹೇಗಿತ್ತು? ಸೋಮವಾರದ ಕ್ಲಾಸು ಶುರುವಾಗುವುದೇ ಇದರಿಂದ. ಪಠ್ಯಪುಸ್ತಕದಲ್ಲಿ ಭೂತಕಾಲದ ಪಾಠ ಬಂತೆಂದರೆ ಮೊದಲ ಪುಟದಲ್ಲೇ ಇದು ಕಾದು ನಿಂತಿರುತ್ತದೆ. ‘ನಾವು ಕ್ರಿಯಾಪದಗಳ ಪಟ್ಟಿಯನ್ನು ಉರು ಹೊಡೆಸುವವರಲ್ಲ, ಮಾತಾಡಲು ಕಲಿಸುವವರು’ ಎಂದು ಎದೆ ತಟ್ಟಿಕೊಳ್ಳುವ ಮೇಷ್ಟ್ರುಗಳು ಮೊದಲು ಮುಂದಿಡುವ ಸಾಕ್ಷಿಯೂ ಇದೇ. ನನ್ನ ತಕರಾರು ಇಷ್ಟು: ಈಗ ಕಲಿಸುತ್ತಿರುವ ರೀತಿಯಲ್ಲಿ ಈ ಪ್ರಶ್ನೆ ಮಾತುಕತೆಯೇ ಅಲ್ಲ. ಅದು ಮಾತುಕತೆಯ ವೇಷ ಹಾಕಿಕೊಂಡು ಬಂದ ವ್ಯಾಕರಣ ಪರೀಕ್ಷೆ. ವೇಷವಾದರೂ ಚೆನ್ನಾಗಿದೆಯೇ ಅಂದರೆ ಅದೂ ಇಲ್ಲ.

ಇದರ ಹಿನ್ನೆಲೆಯನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. 1970ರ ದಶಕದಲ್ಲಿ ಕೌನ್ಸಿಲ್ ಆಫ್ ಯುರೋಪ್ ಹಾಕಿಕೊಟ್ಟ ದಾರಿ, 1979ರಲ್ಲಿ ಪೀಟರ್ ಸ್ಲಾಗ್ಟರ್ ಸ್ಪ್ಯಾನಿಷ್‌ಗೆಂದು ಸಿದ್ಧಪಡಿಸಿದ ‘ಉನ್ ನಿವೆಲ್ ಉಂಬ್ರಾಲ್’, 2001ರ ಯುರೋಪಿನ ಸಾಮಾನ್ಯ ಚೌಕಟ್ಟು, ಆಮೇಲೆ ಸೆರ್ವಾಂತೆಸ್ ಸಂಸ್ಥೆ ಹೊರತಂದ ಮೂರು ದಪ್ಪ ಸಂಪುಟಗಳ ಪಠ್ಯಕ್ರಮ, ಇವೆಲ್ಲ ಈ ಕ್ಷೇತ್ರದವರಿಗೆ ಗೊತ್ತಿರುವಂಥವೇ. ವ್ಯಾಕರಣದ ಬದಲು ‘ಮಾತಿನ ಕೆಲಸ’ಗಳನ್ನು ಕಲಿಸಬೇಕು ಎಂಬುದು ಇವೆಲ್ಲದರ ತಿರುಳು: ಕೇಳುವುದು, ಒಪ್ಪುವುದು, ನಿರಾಕರಿಸುವುದು, ಆಹ್ವಾನಿಸುವುದು, ಆಗಿಹೋದದ್ದನ್ನು ಹೇಳುವುದು. ವಾರಾಂತ್ಯದ ಪ್ರಶ್ನೆ ಈ ಪಟ್ಟಿಗೆ ಹೇಳಿ ಮಾಡಿಸಿದ ಹಾಗಿತ್ತು. ಹಾಗೆ ಬಂದು ಕೂತದ್ದು ಇನ್ನೂ ಎದ್ದಿಲ್ಲ.

ಈ ಪಾಠದ ಅಚ್ಚು ಹೀಗಿರುತ್ತದೆ. ಯಾವುದೋ ಒಂದು ಪುಸ್ತಕದಿಂದ ಎತ್ತಿಕೊಂಡದ್ದಲ್ಲ. ಹತ್ತಾರು ಪುಸ್ತಕಗಳನ್ನು ಓದಿದವರು ಕಣ್ಣು ಮುಚ್ಚಿಕೊಂಡು ಬರೆಯಬಹುದಾದಷ್ಟು ಸವೆದ ಅಚ್ಚು.

‘ಕೆ ಆಸ್ ಎಚೊ ಎಸ್ತೆ ಫಿನ್ ದೆ ಸೆಮಾನಾ?’ ಈ ವಾರಾಂತ್ಯ ಏನು ಮಾಡಿದೆ?
‘ಎ ಇದೊ ಅಲ್ ಸಿನೆ ಕೊನ್ ಮಿಸ್ ಅಮೀಗೊಸ್. ಈ ತೂ?’ ಸ್ನೇಹಿತರ ಜೊತೆ ಸಿನಿಮಾಕ್ಕೆ ಹೋಗಿದ್ದೆ. ನೀನು?
‘ಯೊ ಎ ಎಸ್ತಾದೊ ಎನ್ ಕಾಸಾ.’ ನಾನು ಮನೆಯಲ್ಲೇ ಇದ್ದೆ.

ಮುಗಿಯಿತು. ಕೆಳಗೆ ಖಾಲಿ ಬಿಟ್ಟ ಜಾಗಗಳು, ಭರ್ತಿ ಮಾಡಲು. ಯಾವ ಸಿನಿಮಾ ಎಂದು ಇಲ್ಲಿ ಯಾರಿಗೂ ಬೇಕಾಗಿಲ್ಲ. ಚೆನ್ನಾಗಿತ್ತೇ ಎಂದು ಯಾರೂ ಕೇಳುವುದಿಲ್ಲ. ಇನ್ನೊಬ್ಬ ಎರಡು ದಿನ ಮನೆಯಲ್ಲೇ ಇದ್ದನಂತೆ. ಮೈಗೆ ಹುಷಾರಿರಲಿಲ್ಲವೋ, ಕೈಯಲ್ಲಿ ಕಾಸಿರಲಿಲ್ಲವೋ, ಯಾರ ಮೇಲಾದರೂ ಮುನಿಸೋ, ಅದೂ ಗೊತ್ತಾಗುವುದಿಲ್ಲ. ಹೀಗೆ ‘ಮನೆಯಲ್ಲೇ ಇದ್ದೆ’ ಅಂದವನನ್ನು ಹಾಗೇ ಬಿಟ್ಟು ಮುಂದೆ ಹೋಗುವ ಗೆಳೆಯರು ಮ್ಯಾಡ್ರಿಡ್‌ನಲ್ಲೂ ಇಲ್ಲ, ಮಂಡ್ಯದಲ್ಲೂ ಇಲ್ಲ. ಇಲ್ಲಿ ಕೇಳಿದವನ ಕಿವಿ ಇರುವುದು ‘ಎ ಇದೊ’ ಎಂಬ ರೂಪ ಸರಿಯಾಗಿ ಬಂತೇ ಎನ್ನುವುದರ ಮೇಲೆ. ಮನುಷ್ಯನ ಶನಿವಾರ ಭಾನುವಾರ ಬರೀ ನೆಪ.

ಭಾಷಾ ಪಠ್ಯಪುಸ್ತಕಗಳ ಸಂಭಾಷಣೆಯನ್ನು ಗೇಲಿ ಮಾಡುವ ಪರಂಪರೆ ಹಳೆಯದು, ಅದಕ್ಕೆ ನಾನು ಸೇರಿದವನಲ್ಲ. ಅಸಿಮಿಲ್ ಮಾಲೆಯ ಪುಸ್ತಕದಲ್ಲಿ ಇಂಗ್ಲಿಷ್ ಕಲಿಯಲು ಹೋದ ಅಯನೆಸ್ಕೊ 1950ರಲ್ಲಿ ‘ಬೋಳುತಲೆಯ ಗಾಯಕಿ’ ನಾಟಕ ಆಡಿಸಿದಂದಿನಿಂದ ಈ ವಿಷಯಕ್ಕೆ ಕೈ ಹಾಕಿದ ಪ್ರತಿ ವಿಮರ್ಶಕನೂ ಅದನ್ನೇ ಎತ್ತಿ ತೋರಿಸಿ ನಗುತ್ತಾನೆ. ನಕ್ಕರೆ ಕೆಲಸ ಮುಗಿಯಿತು ಅನ್ನುವ ಭಾವನೆ ಅವರದು. ಪಠ್ಯದ ಸಂಭಾಷಣೆ ಕೃತಕವಾಗಿರುವುದು ನನಗೇನೂ ತೊಂದರೆಯಿಲ್ಲ. ನಾಟಕದ ಸಂಭಾಷಣೆಯೂ ಕೃತಕವೇ. ಕೃತಕತೆಯನ್ನು ಯಾವ ಕೆಲಸಕ್ಕೆ ಬಳಸಿಕೊಂಡಿದ್ದಾರೆ ಎಂಬುದನ್ನು ನೋಡಬೇಕು. ಇಲ್ಲಿ ಬಳಸಿಕೊಂಡಿರುವುದು ಒಂದು ನಿಯಮವನ್ನು ಕಾಪಾಡುವುದಕ್ಕೆ, ಆ ನಿಯಮವೇ ಅರೆಬೆಂದದ್ದು.

ನಿಯಮ ಇದು. ಸ್ಪ್ಯಾನಿಷ್‌ನಲ್ಲಿ ‘ಮಾಡಿದೆ’ ಅನ್ನುವುದಕ್ಕೆ ಎರಡು ದಾರಿ. ಒಂದು ‘ಇಸಿಸ್ತೆ’, ಸರಳ ಭೂತ. ಇನ್ನೊಂದು ‘ಆಸ್ ಎಚೊ’, ಸಹಾಯಕ ಕ್ರಿಯಾಪದ ಸೇರಿಸಿ ಕಟ್ಟಿದ ಸಂಯುಕ್ತ ಭೂತ. ಸ್ಪೇನ್‌ನಲ್ಲಿ ಅಚ್ಚಾಗುವ ಪುಸ್ತಕಗಳು ಇವೆರಡನ್ನು ಬೇರೆ ಮಾಡಲು ಕಾಲಸೂಚಕ ಪದಗಳ ಎರಡು ಕಂಬಸಾಲು ಕೊಡುತ್ತವೆ. ‘ಇವತ್ತು’, ‘ಈ ವಾರ’, ‘ಈ ವಾರಾಂತ್ಯ’ ಬಂದರೆ ಸಂಯುಕ್ತ. ‘ನಿನ್ನೆ’, ‘ಕಳೆದ ವಾರ’, ‘ಕಳೆದ ವಾರಾಂತ್ಯ’ ಬಂದರೆ ಸರಳ. ಕಂಬಸಾಲು ನೋಡಲು ಅಚ್ಚುಕಟ್ಟು. ಗೋಡೆಗೆ ಅಂಟಿಸಬಹುದು.

ಈಗ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಅಂದುಕೊಳ್ಳಿ. ನಿನ್ನೆಯಷ್ಟೇ ಮುಗಿದ ಶನಿವಾರ ಭಾನುವಾರ ‘ಈ’ ವಾರಾಂತ್ಯವೋ, ‘ಕಳೆದ’ ವಾರಾಂತ್ಯವೋ? ಕ್ಯಾಲೆಂಡರಿನ ಪ್ರಕಾರ ಹೊಸ ವಾರ ಶುರುವಾಗಿದೆ, ಆದ್ದರಿಂದ ಅದು ಕಳೆದದ್ದು. ಕೇಳುವವಳ ಮನಸ್ಸಿನಲ್ಲಿ ಅದಿನ್ನೂ ತಣ್ಣಗಾಗಿಲ್ಲ, ಆದ್ದರಿಂದ ‘ಈ’. ಮ್ಯಾಡ್ರಿಡ್‌ನ ಕಚೇರಿಯೊಂದರಲ್ಲಿ ಅದೇ ಬೆಳಿಗ್ಗೆ ಒಬ್ಬಳು ‘ಕೆ ಆಸ್ ಎಚೊ ಎಸ್ತೆ ಫಿಂದೆ?’ ಅನ್ನುತ್ತಾಳೆ, ಪಕ್ಕದ ಮೇಜಿನವನು ‘ಕೆ ಇಸಿಸ್ತೆ ಎಲ್ ಫಿಂದೆ?’ ಅನ್ನುತ್ತಾನೆ. (ವಾರಾಂತ್ಯವನ್ನು ಅಲ್ಲಿನವರು ‘ಫಿಂದೆ’ ಎಂದು ಮೊಟಕು ಮಾಡಿಕೊಂಡಿದ್ದಾರೆ, ಪಠ್ಯಪುಸ್ತಕಗಳು ಅದನ್ನು ಆಡುಮಾತು ಎಂದು ಅಂಚಿಗೆ ತಳ್ಳುತ್ತವೆ.) ಇಬ್ಬರಲ್ಲಿ ಯಾರೂ ತಪ್ಪು ಮಾಡಲಿಲ್ಲ. ಅಂದಮೇಲೆ ಸೂಚಕ ಪದ ಕಾಲವನ್ನು ನಿರ್ಧರಿಸುತ್ತಿಲ್ಲ. ಆ ಎರಡು ದಿನವನ್ನು ತನ್ನ ಇವತ್ತಿನ ಒಳಗೆ ಇಟ್ಟುಕೊಳ್ಳಬೇಕೋ, ಹೊರಗೆ ಇಡಬೇಕೋ ಎಂದು ಮಾತಾಡುವವರು ತೀರ್ಮಾನಿಸುತ್ತಾರೆ, ಆಮೇಲೆ ಪದವೂ ಕಾಲವೂ ಜೊತೆಯಾಗಿ ಬರುತ್ತವೆ. ಪುಸ್ತಕ ಇದನ್ನು ತಿರುವುಮುರುವು ಮಾಡಿ ಪರಿಣಾಮವನ್ನು ಕಾರಣವಾಗಿ ಕಲಿಸುತ್ತದೆ. ಭಾನುವಾರ ರಾತ್ರಿ ಕೇಳಿದರೆ ನಿಯಮ ಸರಿ, ಬುಧವಾರ ಕೇಳಿದರೂ ಸರಿ. ಆದರೆ ಈ ಪ್ರಶ್ನೆಯನ್ನು ಜಗತ್ತು ಕೇಳುವುದು ಸೋಮವಾರ! ಉದಾಹರಣೆಯೇ ನಿಯಮಕ್ಕೆ ಒಗ್ಗದ ದಿನ ಬರುವಂಥದ್ದು. ಮೂವತ್ತು ವರ್ಷದಿಂದ ಅದನ್ನೇ ನಿಯಮದ ಮಾದರಿ ಉದಾಹರಣೆಯಾಗಿ ಕೊಡುತ್ತಿದ್ದಾರೆ.

ಹಾಗಾದರೆ ಸಂಯುಕ್ತ ಭೂತವನ್ನೇ ಮೊದಲು ಯಾಕೆ ಕಲಿಸುತ್ತಾರೆ? ಕಾರಣ ಸರಳ. ಕಟ್ಟುವುದು ಸುಲಭ. ಸಹಾಯಕ ಕ್ರಿಯಾಪದದ ಆರು ರೂಪ ಬಾಯಿಗೆ ಬಂದರೆ ಮುಂದಿನದು ಬಹುಪಾಲು ಒಂದೇ ಅಚ್ಚು. ಸರಳ ಭೂತ ಹೆಸರಿಗೆ ಮಾತ್ರ ಸರಳ. ‘ಹೋಗು’, ‘ಮಾಡು’, ‘ಇರು’, ‘ಬರು’, ‘ಕೊಡು’ ಇಂಥ ದಿನಬಳಕೆಯ ಕ್ರಿಯಾಪದಗಳೆಲ್ಲ ಅಲ್ಲಿ ಅಡ್ಡದಾರಿ ಹಿಡಿಯುತ್ತವೆ. ಮೇಷ್ಟ್ರಿಗೆ ಅನುಕೂಲವಾದದ್ದು ಕೇಳುವವರ ಸ್ವಭಾವ ಎಂಬಂತೆ ಪುಸ್ತಕಕ್ಕೆ ಬಂತು.

ಇಲ್ಲಿಗೆ ಎದುರಾಳಿಗಳ ದಂಡು ಎದ್ದು ನಿಲ್ಲುತ್ತದೆ. ‘ಅದಕ್ಕೇ ನಾವು ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್ ಕಲಿಸಿ ಅನ್ನುವುದು’ ಎನ್ನುತ್ತಾರೆ ಇವರು. ಸ್ಪ್ಯಾನಿಷ್ ತಾಯ್ನುಡಿಯಾಗಿರುವ ಸುಮಾರು 50 ಕೋಟಿ ಜನರಲ್ಲಿ ಸ್ಪೇನ್‌ನವರು ಹತ್ತರಲ್ಲೊಂದು ಪಾಲು. ಉಳಿದವರು ‘ಇಸಿಸ್ತೆ’ ಅನ್ನುವಾಗ ‘ಆಸ್ ಎಚೊ’ ಯಾಕೆ, ಒಂದೇ ರೂಪ ಸಾಕು, ತಲೆನೋವು ಮುಗಿಯಿತು ಎಂಬುದು ಅವರ ವಾದ. ಲೆಕ್ಕ ಸರಿ, ತೀರ್ಪು ಸರಿಯಲ್ಲ. ಸ್ಪೇನ್‌ನ ಒಳಗೇ ಗಲೀಸಿಯಾ, ಆಸ್ತೂರಿಯಾಸ್, ಕನಾರಿ ದ್ವೀಪಗಳ ಜನ ಇವತ್ತು ಬೆಳಿಗ್ಗೆ ಆದದ್ದಕ್ಕೂ ಸರಳ ಭೂತವನ್ನೇ ಬಳಸುತ್ತಾರೆ. ಇತ್ತ ಅಮೆರಿಕ ಖಂಡದಲ್ಲೇ ಬೊಲಿವಿಯಾದ ಎತ್ತರದ ಊರುಗಳಲ್ಲಿ, ಪೆರುವಿನ ಆಂಡೀಸ್ ಭಾಗದಲ್ಲಿ, ಅರ್ಜೆಂಟೀನಾದ ವಾಯವ್ಯ ಮೂಲೆಯಲ್ಲಿ ಸಂಯುಕ್ತ ಭೂತ ಧಾರಾಳವಾಗಿ ಓಡಾಡುತ್ತದೆ. ಸಾಗರವನ್ನು ಗಡಿ ಮಾಡಿಕೊಂಡವರಿಗೆ ಇದು ಕಾಣುವುದಿಲ್ಲ.

ಮೆಕ್ಸಿಕೊದ ಸಂಗತಿ ಇನ್ನೂ ಸೂಕ್ಷ್ಮ. ಅಲ್ಲಿ ಸಂಯುಕ್ತ ಭೂತ ಸತ್ತಿಲ್ಲ, ಬೇರೆ ಕೆಲಸಕ್ಕೆ ಸೇರಿಕೊಂಡಿದೆ ಎಂಬುದನ್ನು ಭಾಷಾವಿಜ್ಞಾನಿ ಹ್ವಾನ್ ಲೊಪೆ ಬ್ಲಾಂಕ್ 1961ರಷ್ಟು ಹಿಂದೆಯೇ ತೋರಿಸಿಕೊಟ್ಟರು. ಮೆಕ್ಸಿಕೊದವನು ‘ಈ ತಿಂಗಳು ಬಹಳ ದುಡಿದೆ’ ಎಂದು ಸರಳ ಭೂತದಲ್ಲಿ ಹೇಳಿದರೆ ದುಡಿಮೆ ಮುಗಿದಿದೆ. ಸಂಯುಕ್ತದಲ್ಲಿ ಹೇಳಿದರೆ ಇನ್ನೂ ನಡೆದಿದೆ, ನಾಳೆಯೂ ಇದೆ. ಆದ್ದರಿಂದ ಸ್ಪೇನ್‌ನ ಪುಸ್ತಕ ಓದಿಕೊಂಡು ಹೋದವರು ಮೆಕ್ಸಿಕೊ ನಗರದಲ್ಲಿ ‘ಕೆ ಆಸ್ ಎಚೊ?’ ಅಂದರೆ ಎದುರಿನವರಿಗೆ ಕೇಳಿಸುವುದು ‘ನಾವು ಕೊನೆಯ ಸಲ ಸಿಕ್ಕಾಗಿನಿಂದ ಏನೇನಾಯ್ತು?’ ಎಂದು. ವಾರಾಂತ್ಯದ ಬಗ್ಗೆ ಕೇಳಿದವರಿಗೆ ಆರು ತಿಂಗಳ ವರದಿ ಸಿಗಬಹುದು. ಇದನ್ನು ‘ಒಂದೇ ರೂಪ ಸಾಕು’ ಎನ್ನುವವರೂ ಹೇಳುವುದಿಲ್ಲ, ಕಂಬಸಾಲು ಅಂಟಿಸುವವರೂ ಹೇಳುವುದಿಲ್ಲ.

ಇಬ್ಬರಿಗೂ ಮೊದಲೇ ದಾರಿ ತೋರಿಸಿದವರು ಒಬ್ಬರಿದ್ದರು. ಕರಾಕಸ್‌ನಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆನಿಂತ ಆಂದ್ರೆಸ್ ಬೆಯ್ಯೊ 1847ರಲ್ಲಿ ಅಮೆರಿಕ ಖಂಡದವರ ಬಳಕೆಗೆಂದೇ ವ್ಯಾಕರಣ ಬರೆದಾಗ, ಸಂಯುಕ್ತ ಭೂತವನ್ನು ‘ಅಂತೆಪ್ರೆಸೆಂತೆ’ ಎಂದು ಕರೆದರು: ವರ್ತಮಾನದ ಬೆನ್ನಿಗೆ ಅಂಟಿಕೊಂಡು ಮುಂಚೆ ಆದದ್ದು. ಅಂಟಿಕೊಂಡಿದೆಯೇ ಎಂದು ಹೇಳಬೇಕಾದವರು ಮಾತಾಡುವವರು, ಕ್ಯಾಲೆಂಡರ್ ಅಲ್ಲ. ಆ ಹೆಸರೊಂದನ್ನು ಕಲಿಸಿದ್ದರೆ ಅರ್ಧ ಗೊಂದಲ ಇರುತ್ತಿರಲಿಲ್ಲ. 2009ರಲ್ಲಿ ಸ್ಪ್ಯಾನಿಷ್ ಅಕಾಡೆಮಿಗಳೆಲ್ಲ ಸೇರಿ ಹೊರತಂದ ಹೊಸ ವ್ಯಾಕರಣ ಈ ಪ್ರಾದೇಶಿಕ ಭೇದಗಳನ್ನು ವಿವರವಾಗಿಯೇ ದಾಖಲಿಸಿದೆ. ಅದು ಪಂಡಿತರ ಕಪಾಟಿನಲ್ಲಿದೆ. ಕ್ಲಾಸಿನ ಗೋಡೆಯ ಮೇಲೆ ಇನ್ನೂ ಎರಡು ಕಂಬಸಾಲು.

ಕನ್ನಡದವರು ಈ ಜಗಳವನ್ನು ದೂರದಿಂದ ನೋಡಿ ನಗಬಹುದಿತ್ತು, ಇಂಗ್ಲಿಷ್ ಮೂಲಕ ಸ್ಪ್ಯಾನಿಷ್ ಕಲಿಯದಿದ್ದರೆ. ಬೆಂಗಳೂರಿನ ಕ್ಲಾಸುಗಳಲ್ಲಿ ‘ಆಸ್ ಎಚೊ’ ಅಂದರೆ ‘ಹ್ಯಾವ್ ಡನ್’, ‘ಇಸಿಸ್ತೆ’ ಅಂದರೆ ‘ಡಿಡ್’ ಎಂದು ಬೋರ್ಡಿನ ಮೇಲೆ ಬರೆದುಬಿಡುತ್ತಾರೆ. ತಮ್ಮ ನುಡಿಯಲ್ಲೇ ಇದಕ್ಕೆ ಒಳ್ಳೆಯ ಕಿವಿ ಇದೆ ಎಂದು ವಿದ್ಯಾರ್ಥಿಗಳಿಗೆ ಹೊಳೆಯುವುದಿಲ್ಲ. ಸೋಮವಾರ ಸಹೋದ್ಯೋಗಿಯನ್ನು ನಾವು ‘ವೀಕೆಂಡ್ ಏನ್ ಮಾಡಿದ್ರಿ?’ ಅನ್ನುತ್ತೇವೆ. ‘ಏನ್ ಮಾಡಿದ್ದೀರಿ?’ ಅಂದರೆ ಅದರಲ್ಲಿ ತನಿಖೆಯ ವಾಸನೆ ಬರುತ್ತದೆ. ಮಾಡಿದ್ದರ ಗುರುತು ಎಲ್ಲೋ ಕಣ್ಣೆದುರು ಬಿದ್ದಿದೆ, ಅದಕ್ಕೆ ಉತ್ತರ ಕೊಡಿ ಎಂಬಂತೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗನಿಗೆ ‘ಏನ್ ಮಾಡಿದ್ದೀಯೋ?’ ಅಂದರೆ ಹಾಲು ಚೆಲ್ಲಿದೆ ಎಂದೇ ಅರ್ಥ. ಆಗಿಹೋದದ್ದು ಈಗಿನ ಕ್ಷಣಕ್ಕೆ ಅಂಟಿಕೊಂಡಿದೆಯೇ ಇಲ್ಲವೇ ಎಂಬುದು ಕನ್ನಡಿಗರಿಗೆ ಕ್ರಿಯಾಪದದ ಬಾಲದಲ್ಲೇ ಕೇಳಿಸುತ್ತದೆ. ಎರಡೂ ಭಾಷೆಯಲ್ಲಿ ಗೆರೆ ಒಂದೇ ಕಡೆ ಬೀಳುವುದಿಲ್ಲ ನಿಜ. ಆದರೆ ಗೆರೆ ಎಂಥದ್ದು ಎಂಬುದು ಗೊತ್ತಿದೆ. ಇಷ್ಟು ಬಂಡವಾಳ ಇಟ್ಟುಕೊಂಡು ಇಂಗ್ಲಿಷಿನ ಊರುಗೋಲು ಹಿಡಿದು ಕುಂಟುವುದು ಯಾರ ತಪ್ಪು?

ಕಾಲದ ಜಗಳ ಇಷ್ಟು ಬೆಳೆದದ್ದೇ ಮೂಲ ವಿಷಯಕ್ಕೆ ಮುಳುವಾಯಿತು. ವಾರಾಂತ್ಯದ ಮಾತುಕತೆಯಲ್ಲಿ ಮೊದಲನೆಯ ಪ್ರಶ್ನೆ ಬರೀ ಬಾಗಿಲು ತಟ್ಟುವುದು. ಅದನ್ನು ಯಾವ ಭೂತಕಾಲದಲ್ಲಿ ತಟ್ಟಿದರೂ ಒಳಗಿನವರು ಬರುತ್ತಾರೆ. ಬಂದವರು ಏನು ಹೇಳುತ್ತಾರೆ, ತಟ್ಟಿದವರು ಆಮೇಲೆ ಏನು ಮಾಡುತ್ತಾರೆ ಎಂಬಲ್ಲಿ ಸ್ಪ್ಯಾನಿಷ್ ಇದೆ.

ನಿಜವಾದ ಉತ್ತರ ಹೆಚ್ಚಾಗಿ ‘ಪ್ವೆಸ್ ನಾದಾ’ ಎಂದು ಶುರುವಾಗುತ್ತದೆ. ‘ಅಯ್ಯೋ, ಏನಿಲ್ಲ.’ ಅಥವಾ ‘ತ್ರಾಂಕೀಲೊ’, ಆರಾಮಾಗಿತ್ತು. ಅಥವಾ ‘ಲೊ ದೆ ಸ್ಯೆಂಪ್ರೆ’, ಯಾವಾಗಿನ ಹಾಗೆ. ಪಠ್ಯಪುಸ್ತಕದ ವಿದ್ಯಾರ್ಥಿ ಇಲ್ಲಿಗೇ ಮಾತು ಮುಗಿಯಿತು ಎಂದು ತಲೆಯಾಡಿಸಿ ತನ್ನ ‘ಎ ಇದೊ ಅಲ್ ಸಿನೆ’ ಒಪ್ಪಿಸುತ್ತಾನೆ. ಆದರೆ ಈ ‘ಏನಿಲ್ಲ’ ಪೀಠಿಕೆ. ಇದರ ಹಿಂದೆ ಕತೆಯೊಂದು ಸಾಲು ಹಿಡಿದು ನಿಂತಿರಬಹುದು, ಕರೆಯುವವರಿಲ್ಲ ಅಷ್ಟೆ. ಕರೆಯಲು ಸ್ಪ್ಯಾನಿಷ್‌ನಲ್ಲಿ ಸಣ್ಣಸಣ್ಣ ಸಲಕರಣೆಗಳಿವೆ. ‘ಕೊಮೊ ಕೆ ನಾದಾ?’, ಏನಿಲ್ಲ ಅಂದರೇನು? ‘ನೊ ಮೆ ದೀಗಾಸ್!’, ಹೌದಾ! ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ‘ಈ ಎಸೊ?’. ಮೂರು ಉಚ್ಚಾರಾಂಶ ಕೂಡ ಪೂರ್ತಿ ಕಿವಿಗೆ ಬೀಳುವುದಿಲ್ಲ, ಜಾರಿ ಒಂದಾಗುತ್ತವೆ. ‘ಯಾಕೆ ಹಾಗೆ?’ ಎಂದು ಕನ್ನಡದಲ್ಲಿ ಹೇಳಬಹುದು, ಆದರೆ ‘ಯಾಕೆ’ಯಲ್ಲಿರುವ ಮೊನಚು ಅದರಲ್ಲಿಲ್ಲ. ಕಾರಣ ಕೊಡು ಎಂದು ಅದು ಒತ್ತಾಯಿಸುವುದಿಲ್ಲ. ಹೇಳುವುದಿದ್ದರೆ ನಾನಿದ್ದೇನೆ ಎನ್ನುತ್ತದೆ, ಅಷ್ಟೆ.

ಮೇಲಿನ ಅಚ್ಚಿಗೆ ಇದನ್ನು ಸೇರಿಸಿ ನೋಡಿ. ‘ಮನೆಯಲ್ಲೇ ಇದ್ದೆ.’ ‘ಈ ಎಸೊ?’ ಈಗ ಎದುರಿನವನು ಏನಾದರೂ ಹೇಳಲೇಬೇಕು. ‘ಫುಯಿಮೊಸ್ ಅ ಲಾ ಪ್ಲಾಯಾ, ಪೆರೊ ಆಸಿಯಾ ಮೂಚೊ ವ್ಯೆಂತೊ’, ಬೀಚಿಗೆ ಹೋದೆವು, ಆದರೆ ವಿಪರೀತ ಗಾಳಿ, ವಾಪಸು ಬಂದೆವು, ಆಮೇಲೆ ಮನೆಯಲ್ಲೇ. ಈ ಒಂದು ವಾಕ್ಯಕ್ಕೆ ಮೂರನೆಯ ಭೂತಕಾಲ ಬೇಕಾಯಿತು. ಹೋದದ್ದು ಸರಳ ಭೂತ. ಗಾಳಿ ಬೀಸುತ್ತಿದ್ದದ್ದು ಅಪೂರ್ಣ ಭೂತ, ‘ಆಸಿಯಾ’. ಗಾಳಿ ಇಲ್ಲದೆ ಕತೆ ಇಲ್ಲ. ಪಠ್ಯಕ್ರಮ ಈ ಮೂರು ಕಾಲಗಳನ್ನು ಒಂದರ ಹಿಂದೊಂದು ಘಟಕವಾಗಿ ಕಟ್ಟಿಟ್ಟಿರುವುದರಿಂದ, ವಿದ್ಯಾರ್ಥಿ ತಿಂಗಳುಗಟ್ಟಲೆ ‘ಹೋದೆ, ಬಂದೆ, ತಿಂದೆ, ನೋಡಿದೆ’ ಎನ್ನುತ್ತ ಕೂರುತ್ತಾನೆ. ಅವನ ವಾರಾಂತ್ಯಗಳಲ್ಲಿ ಹವೆಯಿಲ್ಲ, ಹಸಿವಿಲ್ಲ, ಬೇಜಾರಿಲ್ಲ, ಹಿನ್ನೆಲೆಯೇ ಇಲ್ಲ.

‘ನಿಜವಾದ ಮಾತು ಎಲ್ಲಿ ಸಿಗುತ್ತದೆ, ನಾವು ಊಹಿಸಿ ಬರೆಯಬೇಕು’ ಎಂದು ಪುಸ್ತಕ ಬರೆಯುವವರು ಹೇಳುವ ಹಾಗಿಲ್ಲ. ವಲೆನ್ಸಿಯಾ ವಿಶ್ವವಿದ್ಯಾಲಯದಲ್ಲಿ ಆಂತೋನಿಯೊ ಬ್ರಿಸ್ ಮತ್ತು ಅವರ ವಾಲೆಸ್ಕೊ ತಂಡ 1990ರ ದಶಕದಿಂದ ಜನರ ಹರಟೆಯನ್ನು ಧ್ವನಿಮುದ್ರಿಸಿ, ತಡವರಿಕೆ, ನಗು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವುದು ಎಲ್ಲವನ್ನೂ ಗುರುತು ಹಾಕಿ ಪ್ರಕಟಿಸಿದೆ. ‘ಪ್ವೆಸ್’, ‘ಬ್ವೆನೊ’, ‘ಒ ಸೆಯಾ’ ಇವು ಕಸವಲ್ಲ, ಮಾತನ್ನು ಹೊಲಿಯುವ ದಾರ ಎಂದು ಅಲ್ಲಿ ತೋರಿಸಿದ್ದಾರೆ. ಅದರ ಒಂದು ಪುಟ ಓದಿದರೂ ಸಾಕು, ಪಠ್ಯದಲ್ಲಿ ಕಳೆದುಹೋದದ್ದು ಏನೆಂದು ತಿಳಿಯುತ್ತದೆ. ಅಲ್ಲಿ ಕೇಳುವವರೂ ಅರ್ಧ ಕತೆ ಹೇಳುತ್ತಾರೆ.

ಇನ್ನು ಗುರುವಾರದ ಪ್ರಶ್ನೆ. ಇದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ‘ಕೆ ಆಸೆಸ್ ಎಸ್ತೆ ಫಿಂದೆ?’, ಈ ವಾರಾಂತ್ಯ ಏನ್ ಮಾಡ್ತೀಯ? ಭವಿಷ್ಯದ ಪಾಠದಲ್ಲಿ ಬರುವ ಈ ಪ್ರಶ್ನೆಗೆ ಪುಸ್ತಕ ಬಯಸುವ ಉತ್ತರ ‘ಸಿನಿಮಾಕ್ಕೆ ಹೋಗ್ತೇನೆ’. ವ್ಯಾಕರಣ ಶುದ್ಧ, ಪೂರ್ಣಾಂಕ. ಆದರೆ ಈ ಪ್ರಶ್ನೆಯನ್ನು ಗುರುವಾರ ಕೇಳುವವರು ಮಾಹಿತಿ ಕೇಳುತ್ತಿಲ್ಲ, ಕರೆಯುವ ಮುಂಚೆ ನೆಲ ಗಟ್ಟಿಯಿದೆಯೇ ಎಂದು ಕಾಲಿಟ್ಟು ನೋಡುತ್ತಿದ್ದಾರೆ. ಅಂಥವರಿಗೆ ‘ಸಿನಿಮಾಕ್ಕೆ ಹೋಗ್ತೇನೆ’ ಎಂದು ಚುಕ್ಕಿ ಇಟ್ಟರೆ ಮುಖಕ್ಕೆ ಕದ ಹಾಕಿದಂತೆ. ‘ದೆಪೆಂದೆ, ಪೊರ್ ಕೆ?’, ನೋಡಬೇಕು, ಯಾಕೆ? ಇದು ನುರಿತವರ ಉತ್ತರ. ಬರಲು ಮನಸ್ಸಿಲ್ಲದಿದ್ದರೆ ‘ಅ ವೆರ್ ಸಿ ಕೆದಾಮೊಸ್’, ಸಿಗೋಣಂತೆ ಯಾವಾಗಾದರೂ. ಹಾಗಂದವರು ಸಿಗುವುದಿಲ್ಲ ಎಂದು ಸ್ಪೇನ್‌ನಲ್ಲಿ ಎಲ್ಲರಿಗೂ ಗೊತ್ತು. ಪುಸ್ತಕ ಮೆಚ್ಚುವ ಉತ್ತರ ಸ್ನೇಹ ಕೆಡಿಸುತ್ತದೆ ಎಂದರೆ ಆ ಪುಸ್ತಕ ಕಲಿಸುತ್ತಿರುವುದು ಮಾತನ್ನಂತೂ ಅಲ್ಲ.

ನನಗೆ ಹೆಚ್ಚು ಸಿಟ್ಟು ಬರಿಸುವವರು ಇನ್ನೊಂದು ಬಗೆಯವರು, ಸಂಸ್ಕೃತಿ ವ್ಯಾಖ್ಯಾನಕಾರರು. ಇವರ ಪ್ರಕಾರ ಸ್ಪ್ಯಾನಿಷ್ ಜನ ‘ಬೆಚ್ಚಗಿನವರು’, ಹೃದಯದಿಂದ ಕೇಳುತ್ತಾರೆ. ಇಂಗ್ಲಿಷಿನವರು ತಣ್ಣಗಿನವರು, ಬಾಯಿಮಾತಿಗೆ ಕೇಳುತ್ತಾರೆ. ಪುರಾವೆಗೆ ಭಾನುವಾರದ ಕುಟುಂಬದೂಟ, ಊಟವಾದ ಮೇಲೂ ಮೇಜು ಬಿಡದೆ ಹರಟುವ ‘ಸೊಬ್ರೆಮೆಸಾ’, ಒಂದಿಷ್ಟು ಬಿಸಿಲು. ಈ ಮಾತು ಪ್ರವಾಸಿ ಪುಸ್ತಕದಲ್ಲಿ ಇದ್ದಿದ್ದರೆ ಬಿಟ್ಟುಬಿಡುತ್ತಿದ್ದೆ. ಪಠ್ಯಪುಸ್ತಕದ ಬಣ್ಣದ ಚೌಕಟ್ಟಿನೊಳಗೆ ‘ನಿಮಗೆ ಗೊತ್ತೇ?’ ಎಂಬ ಶೀರ್ಷಿಕೆಯಡಿ ಬರುತ್ತದಲ್ಲ, ಅಲ್ಲಿ ತಕರಾರು. ಭಾಷೆಯ ಕೌಶಲವನ್ನು ಜನರ ಗುಣವೆಂದು ಹೇಳಿಬಿಟ್ಟರೆ ಕಲಿಸುವ ಹೊಣೆ ತಪ್ಪುತ್ತದೆ. ‘ಈ ಎಸೊ?’ ಎನ್ನುವುದು ಬಿಸಿಲಿನಿಂದ ಬಂದ ಗುಣವಲ್ಲ, ಯಾರು ಬೇಕಾದರೂ ಕಲಿಯಬಹುದಾದ ಎರಡು ಪದ.

ಇವರು ಮುಚ್ಚಿಡುವ ಇನ್ನೊಂದು ಸಂಗತಿ, ವಾರಾಂತ್ಯ ಎಂಬುದು ಸ್ಪ್ಯಾನಿಷ್ ಜಗತ್ತಿನಲ್ಲಿ ಗಾಳಿ ಬೆಳಕಿನ ಹಾಗೆ ಎಲ್ಲರಿಗೂ ಸಿಕ್ಕಿದ್ದಲ್ಲ. ಬಾರ್ಸಿಲೋನಾದಲ್ಲಿ ‘ಲಾ ಕನಾದಿಯೆನ್ಸೆ’ ವಿದ್ಯುತ್ ಕಂಪನಿಯ ಮುಷ್ಕರ ನಡೆದು 1919ರಲ್ಲಿ ಸ್ಪೇನ್ ಸರ್ಕಾರ ಎಂಟು ಗಂಟೆಯ ದಿನವನ್ನು ಒಪ್ಪಿಕೊಂಡಿತು. ವಾರಕ್ಕೆ 40 ಗಂಟೆ ಕಾನೂನಾಗಲು 1983 ಆಗಬೇಕಾಯಿತು. ಅರ್ಜೆಂಟೀನಾದಲ್ಲಿ 1932ರ ಕಾನೂನು ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿಸಿದಾಗ ಅದಕ್ಕೆ ಬಿದ್ದ ಹೆಸರು ‘ಸಾಬಾದೊ ಇಂಗ್ಲೆಸ್’, ಇಂಗ್ಲಿಷ್ ಶನಿವಾರ. ಮೆಕ್ಸಿಕೊದ 1917ರ ಸಂವಿಧಾನ ಕಾರ್ಮಿಕರಿಗೆ ಬರೆದುಕೊಟ್ಟದ್ದು ಆರು ದಿನ ದುಡಿದರೆ ಒಂದು ದಿನ ರಜೆ. ಹಾಗಿರುವಾಗ ‘ಶನಿವಾರ ಭಾನುವಾರ ಏನು ಮಾಡಿದೆ?’ ಎನ್ನುವುದು ಅಲ್ಲಿನ ಕಾರ್ಖಾನೆಯ ಕೆಲಸದವರಿಗೆ, ಬೀದಿಬದಿಯ ಗಾಡಿಯವರಿಗೆ, ಮನೆಗೆಲಸದ ಹೆಂಗಸಿಗೆ ಎಂಥ ಪ್ರಶ್ನೆ? ಪಠ್ಯದ ಸಂಭಾಷಣೆಯಲ್ಲಿ ‘ಶನಿವಾರ ಕೆಲಸಕ್ಕೆ ಹೋಗಿದ್ದೆ’ ಎನ್ನುವವರು ಬರುವುದೇ ಇಲ್ಲ. ಎಲ್ಲರೂ ಸಿನಿಮಾ, ಬೀಚು, ಪಿಜ್ಜಾ. ಕೆಲಸ ಕಳೆದುಕೊಂಡವರಿಗಂತೂ ಪ್ರಶ್ನೆ ಮೊನಚಾಗುತ್ತದೆ. ಫೆರ್ನಾಂದೊ ಲೆಯೊನ್ ದೆ ಅರನೋವಾ ಅವರ 2002ರ ಸಿನಿಮಾ ‘ಲೊಸ್ ಲುನೆಸ್ ಅಲ್ ಸೋಲ್’ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಡಗು ಕಟ್ಟುವ ಕಾರ್ಖಾನೆ ಮುಚ್ಚಿ ನಿರುದ್ಯೋಗಿಗಳಾದ ಗಂಡಸರಿಗೆ ವಾರಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ.

ನಮ್ಮಲ್ಲೂ ಸಂಬಳದವರ ಜೊತೆಗೇ ಬಂದ ಪ್ರಶ್ನೆ ಇದು. ಹೊಲ ಇರುವವರನ್ನು ‘ಮಳೆ ಬೆಳೆ ಹೇಗೆ?’ ಎಂದು ಕೇಳುತ್ತೇವೆಯೇ ಹೊರತು ವೀಕೆಂಡ್ ಹೇಗಿತ್ತು ಎಂದಲ್ಲ.

‘ಬೆಚ್ಚಗಿನ ಜನ’ ಎಂಬ ಮಾತಿನ ಬದಲು ಕಲಿಸಬೇಕಾಗಿದ್ದ ನಿಜವಾದ ಸ್ಥಳೀಯ ಸಂಗತಿಗಳು ಬೇಕಾದಷ್ಟಿವೆ. ಕೊಲಂಬಿಯಾದಲ್ಲಿ 1983ರ ಎಮಿಲಿಯಾನಿ ಕಾನೂನು ಅನೇಕ ಹಬ್ಬದ ರಜೆಗಳನ್ನು ಸೋಮವಾರಕ್ಕೆ ತಳ್ಳಿತು. ಹಾಗಾಗಿ ಅಲ್ಲಿ ಈ ಪ್ರಶ್ನೆ ಎಷ್ಟೋ ಸಲ ಹುಟ್ಟುವುದೇ ಮಂಗಳವಾರ, ಅದೂ ‘ಕೆ ತಾಲ್ ಎಲ್ ಪ್ವೆಂತೆ?’ ಎಂದು, ‘ಪ್ವೆಂತೆ’ ಅಂದರೆ ಸೇತುವೆ, ರಜೆಗಳನ್ನು ಜೋಡಿಸಿದ ದೊಡ್ಡ ವಾರಾಂತ್ಯ. ಸ್ಪೇನ್‌ನಲ್ಲಿ ಡಿಸೆಂಬರ್ 6 ಮತ್ತು 8ರ ರಜೆಗಳ ನಡುವಿನ ಸೇತುವೆ ವರ್ಷದ ದೊಡ್ಡ ಚರ್ಚೆ. ಬೊಗೋಟಾದಲ್ಲಿ ಹತ್ತಿರದವರನ್ನೂ ಗೌರವದ ರೂಪದಲ್ಲಿ ‘ಕೆ ಇಸೊ?’ ಎಂದು ಕೇಳುವುದುಂಟು. ಬ್ಯೂನಸ್ ಐರಿಸ್‌ನವರು ‘ತೂ’ ಬಿಟ್ಟು ‘ವೊಸ್’ ಅನ್ನುತ್ತಾರೆ, ಆದರೆ ‘ಇಸಿಸ್ತೆ’ ಎರಡಕ್ಕೂ ಒಂದೇ. ಕಲಿಯುವವರಿಗೆ ಇದೊಂದು ವರ. ‘ಚೆನ್ನಾಗಿ ಕಳೆಯಿತೇ?’ ಎನ್ನಲು ಸ್ಪೇನ್‌ನವರು ‘ಲೊ ಪಸಾಸ್ತೆ’, ಅಮೆರಿಕ ಖಂಡದಲ್ಲಿ ಬಹಳ ಜನ ‘ಲಾ ಪಸಾಸ್ತೆ’. ಬಣ್ಣದ ಚೌಕಟ್ಟಿನಲ್ಲಿ ಇವಕ್ಕೆ ಜಾಗ ಕೊಡಬಹುದಿತ್ತು.

ಹೊಗಳಬೇಕಾದ್ದನ್ನು ಹೊಗಳದಿದ್ದರೆ ಅನ್ಯಾಯವಾದೀತು. ಕಳೆದ ಶತಮಾನದ ನಡುವಿನಲ್ಲಿ ಮಾರ್ಗರೀತಾ ಮಾದ್ರಿಗಾಲ್ ಎಂಬಾಕೆ ಅಮೆರಿಕದ ಓದುಗರಿಗಾಗಿ ಬರೆದ ಸ್ಪ್ಯಾನಿಷ್ ಪುಸ್ತಕವನ್ನು ಇವತ್ತಿನ ಪಂಡಿತರು ಹಳೆಯ ಕಾಲದ್ದೆಂದು ಮೂಲೆಗೆ ಹಾಕಿದ್ದಾರೆ. ನೆನಪಿಸಿಕೊಂಡರೂ ಅದಕ್ಕೆ ಚಿತ್ರ ಬರೆದ ಹುಡುಗ ಮುಂದೆ ಆ್ಯಂಡಿ ವಾರ್ಹಾಲ್ ಎಂದು ಲೋಕಪ್ರಸಿದ್ಧನಾದ ಎಂಬ ಕಾರಣಕ್ಕೆ. ಆಕೆ ಮಾಡಿದ ಜಾಣತನ ಬೇರೆ. ವರ್ತಮಾನ ಕಾಲದ ಪಟ್ಟಿಗೆ ಹೋಗುವ ಮುಂಚೆಯೇ ಆಕೆ ಸರಳ ಭೂತವನ್ನು ಕೈಗಿಟ್ಟರು: ಕೊಂಡೆ, ತಿಂದೆ, ಹೋದೆ, ನೀವು ಕೊಂಡಿರಾ? ಜನ ಒಬ್ಬರಿಗೊಬ್ಬರು ಹೆಚ್ಚಾಗಿ ಹೇಳಿಕೊಳ್ಳುವುದು ಆಗಿಹೋದದ್ದನ್ನು; ಆ ಲೆಕ್ಕಾಚಾರ ಪಕ್ಕಾ. ಆಕೆಯ ವಾಕ್ಯಗಳಲ್ಲೂ ಎರಡನೇ ಪ್ರಶ್ನೆ ಇಲ್ಲ, ಒಪ್ಪುತ್ತೇನೆ. ಆದರೆ ಆಕೆ ಅದನ್ನು ಸಂಭಾಷಣೆ ಎಂದು ಮಾರಲಿಲ್ಲ. ವಾಕ್ಯ ಕಟ್ಟುವುದನ್ನು ಕಲಿಸುತ್ತೇನೆ ಎಂದರು, ಕಲಿಸಿದರು. ಈಗ ಬಂದಿರುವ ಮೊಬೈಲ್ ಆ್ಯಪ್‌ಗಳಿಗಿಂತ ಅದು ಪ್ರಾಮಾಣಿಕ. ಆ್ಯಪ್ ನಿಮ್ಮ ವಾರಾಂತ್ಯ ಕೇಳಿ, ನೀವು ಏನೇ ಹೇಳಿದರೂ ಹಸಿರು ಟಿಕ್ ಹಾಕಿ, ಮುಂದಿನ ವಾಕ್ಯಕ್ಕೆ ಹಾರುತ್ತದೆ.

ಬೆಂಗಳೂರಿನ ಓದುಗರಿಗೆ ಇದು ದೂರದ ಮಾತಲ್ಲ. ಮೆಕ್ಸಿಕೊ ನಗರಕ್ಕೂ ನಮಗೂ ಹನ್ನೊಂದೂವರೆ ಗಂಟೆಯ ಅಂತರ. ಅಲ್ಲಿ ಸೋಮವಾರ ಬೆಳಿಗ್ಗೆ ಎಂಟಾದಾಗ ಇಲ್ಲಿ ಸಂಜೆ ಏಳೂವರೆ. ಅಲ್ಲಿನ ಗ್ರಾಹಕರ ಜೊತೆ ಕೆಲಸ ಮಾಡುವವರು ಇಡೀ ಸೋಮವಾರ ದುಡಿದು, ವಾರಾಂತ್ಯವನ್ನು ಮರೆತ ಹೊತ್ತಿಗೆ ಪರದೆಯ ಮೇಲಿನ ಮುಖ ‘ಕೊಮೊ ತೆ ಫ್ವೆ ಎಲ್ ಫಿನ್?’ ಅನ್ನುತ್ತದೆ. ಆಗ ಕಂಬಸಾಲು ನೆನಪಿಸಿಕೊಳ್ಳುತ್ತ ಕೂರಬೇಡಿ. ‘ಬ್ಯೆನ್, ತ್ರಾಂಕೀಲೊ, ಈ ತೂ?’ ಅನ್ನಿ. ಅವರು ‘ನಾದಾ, ಮನೆಯಲ್ಲೇ ಇದ್ದೆ’ ಅಂದರೆ ‘ಈ ಎಸೊ?’ ಅನ್ನಿ, ಅಂದು ಸುಮ್ಮನಿರಿ. ಕಲಿಸುವವರಿಗೂ ನನ್ನ ಒತ್ತಾಯ ಇಷ್ಟೇ: ಮುಂದಿನ ಸೋಮವಾರ ವಿದ್ಯಾರ್ಥಿ ‘ಎ ಇದೊ ಅಲ್ ಸಿನೆ’ ಅಂದಾಗ ರೂಪ ತಿದ್ದುವುದನ್ನು ಆಮೇಲಕ್ಕಿಟ್ಟು, ಯಾವ ಸಿನಿಮಾ ಎಂದು ಕೇಳಿ.